ಕಿವಿಯಿಂದ ಹಕ್ಕಿ ತೋರಿಸಿದ ಅಕ್ಕ

ಅಕ್ಕ ಗೈಡ್ ಕೆಲಸ ಬಿಟ್ಟರು. ಮೊಣಕಾಲು ಮಾತು ಕೇಳುವುದಿಲ್ಲವಂತೆ. ಊರಿನ ಚಾರಣ ಸಮಿತಿಯವರು ತಮ್ಮ ಶೆಡ್ಡಿನಲ್ಲಿ ಸಣ್ಣ ಕಾರ್ಯಕ್ರಮ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಆದರೆ ನಿರೂಪಣೆ ಮಾಡುವ ಮಹಾಶಯರು ನನ್ನ ಹತ್ತಿರ ಬಗ್ಗಿ, ಎರಡೇ ನಿಮಿಷದಲ್ಲಿ ಮುಗಿಸಬೇಕು, ಊಟ ತಣಿಯುತ್ತದೆ ಎಂದರು. ನನಗೆ ಸಿಟ್ಟು ಬಂತು. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಹೆಂಗಸಾ ಅದು? ನಾನು ಮಾತಾಡುವುದೇ ಇಲ್ಲ ಎಂದು ಮುಖ ಗಂಟು ಹಾಕಿ ಕೂತೆ. ಪಕ್ಕದಲ್ಲಿದ್ದ ಹೆಂಡತಿ, ಒಳ್ಳೆಯದೇ ಆಯಿತು ಎಂದಳು. ಅಂದು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಇಲ್ಲಿ ಯಾರ ಊಟವೂ ತಣಿಯುವುದಿಲ್ಲವಲ್ಲ.

ಹೆಸರು ಬರೆಯುವುದಿಲ್ಲ. ಬರೆಯಲಾ ಎಂದು ಕೇಳಿದ್ದೆ. ಇಡೀ ಊರು ಅಕ್ಕ ಎಂದು ಕರೆಯುವಾಗ ಇನ್ನೊಂದು ಹೆಸರು ಎಂತಕ್ಕೆ ಎಂದು ಅವರೇ ತಡೆದರು. ನನಗಿಂತ ನಾಲ್ಕು ವರ್ಷ ಚಿಕ್ಕವರು. ಆದರೂ ನನಗೆ ಅವರು ಅಕ್ಕನೇ.

ನಾನು ಉಡುಪಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಮನೆ ಕಾಪುವಿನಲ್ಲಿ. ಕಡಲು, ಅಂಗಡಿ, ಮನೆ, ಇಷ್ಟರಲ್ಲೇ ಸುಖವಾಗಿ ಇದ್ದವನನ್ನು ಕಾಡಿಗೆ ಎಳೆದುಕೊಂಡು ಹೋದವಳು ಹೆಂಡತಿ. ಮಣಿಪಾಲದಲ್ಲಿ ಅವಳ ಜೊತೆ ಕೆಲಸ ಮಾಡುವವರ ಒಂದು ಗುಂಪು ಉಂಟು, ರಜೆ ಸಿಕ್ಕಿದರೆ ಗುಡ್ಡ ಹತ್ತುವವರು. ಕಾರ್ಕಳದಿಂದ ಪೂರ್ವಕ್ಕೆ, ಘಟ್ಟ ಗೋಡೆಯ ಹಾಗೆ ಎದ್ದು ನಿಲ್ಲುವಲ್ಲಿ, ಎರಡು ಬಂಡೆಗುಡ್ಡಗಳ ನಡುವೆ ಹೊಳೆ ಕೊರೆದ ಒಂದು ಕಮರಿ ಇದೆ. ಅದರೊಳಗೆ ದಿನವಿಡೀ ನಡೆದು ಕಾಡುಹಕ್ಕಿಗಳನ್ನು ನೋಡುವುದು, ಮಧ್ಯಾಹ್ನ ಕಮರಿಯೊಳಗಿನ ನಾಲ್ಕು ಮನೆಗಳ ಪೈಕಿ ಒಂದರಲ್ಲಿ ಉಣ್ಣುವುದು, ಅವರ ಬದುಕು ತಿಳಿಯುವುದು. ಹೀಗೆಂದು ಕರಪತ್ರದಲ್ಲಿ ಇತ್ತು. ನಾನು ಹೊಸ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟೆ. ಹಕ್ಕಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಆದರೆ ದೂರದರ್ಶಕದ ಗಾಜಿನ ಬಗ್ಗೆ ಬೇಕಾದಷ್ಟು ಗೊತ್ತಿತ್ತು. ಬಸ್ಸಿನಲ್ಲಿ ಕುಕ್ಕುಂದೂರು ದಾಟುವವರೆಗೂ ಅದನ್ನೇ ಎಲ್ಲರಿಗೂ ವಿವರಿಸಿದೆ.

ಕಮರಿಯ ಗೇಟಿನ ಹತ್ತಿರ ಕಾಯುತ್ತಿದ್ದವರು ಅಕ್ಕ. ಸೀರೆಯನ್ನು ಮೊಣಕಾಲಿನ ಕೆಳಗೆ ಎತ್ತಿ ಸಿಕ್ಕಿಸಿ, ಮೇಲೆ ಗಂಡನ ಉದ್ದ ತೋಳಿನ ಅಂಗಿ, ಕಾಲಿಗೆ ರಬ್ಬರ್ ಶೂ, ಸೊಂಟದಲ್ಲಿ ರಕ್ತ ಹೀರುವ ಉಂಬಳಕ್ಕೆಂದು ಉಪ್ಪಿನ ಗಂಟು. ನನ್ನ ದುರ್ಬೀನನ್ನು ಒಮ್ಮೆ ನೋಡಿ, ಚೆನ್ನಾಗಿ ಉಂಟು, ಹೊಳೆಯಲ್ಲಿ ಬೀಳಿಸಬೇಡಿ ಎಂದರು. ಅಷ್ಟೇ. ಗಾಜಿನ ವಿಷಯ ಒಂದು ಮಾತೂ ಕೇಳಲಿಲ್ಲ.

ಒಳಗೆ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ನಿಂತರು. ಎಲ್ಲರೂ ಕಣ್ಣು ಮುಚ್ಚಿ ಎಂದರು. ನನಗೆ ನಗು ಬಂತು, ಆಮೇಲೆ ಸಣ್ಣಗೆ ಸಿಟ್ಟೂ ಬಂತು. ಜನರ ಕಣ್ಣು ತೆರೆಸಿ ಹೊಟ್ಟೆ ಹೊರೆಯುವವನಿಗೆ ಕಣ್ಣು ಮುಚ್ಚು ಎನ್ನುತ್ತಾರಲ್ಲ! ಆದರೂ ಮುಚ್ಚಿದೆ. ಅಕ್ಕ ಮೆಲುದನಿಯಲ್ಲಿ ಹೇಳುತ್ತ ಹೋದರು. ಬಲಗಡೆ ಕುಟುರ, ಅದು ಬಿಡುವುದೇ ಇಲ್ಲ, ಅದನ್ನು ಬಿಡಿ. ಅದರ ಹಿಂದೆ ಮರಕುಟಿಗ, ಒಣಮರ ಕುಟ್ಟುತ್ತಾ ಉಂಟು. ಕೆಳಗೆ ನೀರಿನ ಹತ್ತಿರ ಸಿಳ್ಳಾರ, ಈಗ ಸಿಳ್ಳೆ ಹಾಕುತ್ತದೆ. ಹೇಳಿ ಬಾಯಿ ಮುಚ್ಚುವುದರೊಳಗೆ ಕೆಳಗಿನಿಂದ ಸಿಳ್ಳೆ ಬಂತು. ದಾರಿಯಲ್ಲಿ ಹೋಗುವ ಸೋಮಾರಿ ಮನುಷ್ಯನೊಬ್ಬ ಹಾಕಿದ ಹಾಗೆಯೇ ಇತ್ತು. ಕಣ್ಣು ತೆರೆದರೆ ಬರೀ ಎಲೆ. ಮುಚ್ಚಿದಾಗಲೇ ಕಾಡು ತುಂಬಿತ್ತು.

ಇದೆಲ್ಲ ಎಲ್ಲಿ ಕಲಿತಿರಿ ಎಂದು ಊಟದ ಹೊತ್ತಿಗೆ ಕೇಳಿದೆ. ಅಕ್ಕನ ತವರು ಉಚ್ಚಿಲ, ದೋಣಿ ಇದ್ದ ಮನೆ. ಮೀನು ವ್ಯಾಪಾರದ ಹುಡುಗನನ್ನು ಮದುವೆಯಾಗಿ ಘಟ್ಟದ ಬುಡಕ್ಕೆ ಬಂದರು. ಗಂಡ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರಲು ಹೋದರೆ ಬರುವುದು ಮಧ್ಯಾಹ್ನದ ಮೇಲೆ. ಅಲೆಯ ಸದ್ದು ಬಿಟ್ಟು ಬೇರೆ ಕೇಳದೆ ಬೆಳೆದವರಿಗೆ ಕಾಡಿನ ಒಂದೊಂದು ಕೂಗಿಗೂ ಎದೆ ಹಾರುತ್ತಿತ್ತಂತೆ. ಅತ್ತೆ ಬುದ್ಧಿವಂತೆ. ಹೆದರಬೇಡ ಎಂದು ಹೇಳುವ ಬದಲು ಪ್ರತಿ ಕೂಗಿಗೂ ಅದು ಯಾರದೆಂದು ಹೇಳಿಕೊಟ್ಟರು. ಹೆಸರು ಗೊತ್ತಾದ ಮೇಲೆ ಹೆದರಿಕೆ ಹೋಯಿತು. ಅತ್ತೆ ಸೊಸೆ ಇಬ್ಬರೂ ಜಗಲಿಯಲ್ಲಿ ಕೂತು ಇಪ್ಪತ್ತು ವರ್ಷ ಬೀಡಿ ಕಟ್ಟಿದರು.

‘ಕಣ್ಣು ಎಲೆಯಲ್ಲಿ, ಕೈ ದಾರದಲ್ಲಿ. ಕಿವಿಗೆ ಮಾತ್ರ ಕೆಲಸ ಇರಲಿಲ್ಲ ಅಲ್ವಾ’ ಎಂದರು ಅಕ್ಕ.

ಚಾರಣ ಶುರುವಾದಾಗ ಸಮಿತಿಯವರು ಅಕ್ಕನನ್ನು ಕರೆದದ್ದು ಊಟದ ಪಾತ್ರೆ ಹೊರಲಿಕ್ಕೆ. ಪಾತ್ರೆ ತಲೆಯ ಮೇಲೆ ಇಟ್ಟುಕೊಂಡೇ ಹಿಂದಿನಿಂದ, ಅದು ಆ ಹಕ್ಕಿ ಅಲ್ಲ, ಇದು ಎಂದು ಗೈಡನ್ನು ತಿದ್ದುತ್ತಾ ಬಂದರಂತೆ. ಮೂರು ವಾರದಲ್ಲಿ ಪಾತ್ರೆ ಗೈಡಿನ ತಲೆಗೆ ಹೋಯಿತು. ಇದನ್ನು ಹೇಳುವಾಗ ಅಕ್ಕ ನಗುತ್ತಿರಲಿಲ್ಲ, ಆದರೆ ಸಂತೋಷ ಮುಖದಲ್ಲೇ ಇತ್ತು.

ಉಣ್ಣುವ ಮನೆಯಲ್ಲಿ ಅಕ್ಕನದ್ದೇ ಕಟ್ಟಳೆ. ಅಂಗಳದ ಬೇಲಿಯ ಹೊರಗೆ ನಿಂತು ಒಬ್ಬೊಬ್ಬರೂ ತಮ್ಮ ಊರು ಹೇಳಬೇಕು. ಒಳಗಿನಿಂದ ಮನೆಯ ಅಜ್ಜಿ ಬನ್ನಿ ಎಂದ ಮೇಲೆ ಕಾಲಿಡಬೇಕು. ಉಣ್ಣುವ ಮೊದಲು ಯಾರೂ ಫೋಟೋ ತೆಗೆಯುವಂತಿಲ್ಲ. ಉಂಡ ಮೇಲೆ ಕೇಳಿ ತೆಗೆಯಬಹುದು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಕಾಟುಮಾವಿನ ಉಪ್ಪಿನಕಾಯಿ. ಹೊಟ್ಟೆ ತುಂಬಿದ ಮೇಲೆ ಫೋಟೋದ ನೆನಪು ಅರ್ಧ ಜನರಿಗೆ ಇರುವುದಿಲ್ಲ, ಅದೂ ಅಕ್ಕನಿಗೆ ಗೊತ್ತಿತ್ತು. ನಮ್ಮ ಗುಂಪಿನ ಒಬ್ಬರು, ಸಂಜೆಗೆ ಒಂದು ಭೂತದ ಕೋಲ ಮಾಡಿಸಿ ತೋರಿಸಲಿಕ್ಕೆ ಆಗುತ್ತದಾ ಎಂದು ಕೇಳಿಬಿಟ್ಟರು. ನಾನು ತಲೆ ತಗ್ಗಿಸಿದೆ. ಅಕ್ಕ ಬೈಯಲಿಲ್ಲ. ಅದು ತೋರಿಸಲಿಕ್ಕೆ ಇರುವುದಲ್ಲ, ನಡೆಯುವ ದಿನ ಹೇಳಿ ಕಳಿಸುತ್ತೇನೆ, ಬಂದು ಒಂದು ಮೂಲೆಯಲ್ಲಿ ಕೂತುಕೊಳ್ಳಿ, ಊಟವೂ ಉಂಟು ಎಂದರು. ಮುಂದಿನ ಫೆಬ್ರವರಿಯಲ್ಲಿ ನೆನಪಿಟ್ಟು ಹೇಳಿಯೂ ಕಳಿಸಿದರು. ಆ ಮನುಷ್ಯ ಹೋಗಿ ಮೂಲೆಯಲ್ಲಿ ಕೂತು ಬಂದ.

ಊಟದ ನಂತರ ಹೊಳೆಯ ಮೂರನೆಯ ಗುಂಡಿ. ಕಮರಿಯ ಹೆಸರು ಹೊರಗೆ ಹರಡಿದ್ದೇ ಈ ಜಾಗದಿಂದ. ಗೇಟಿನ ಬೋರ್ಡಿನಲ್ಲೂ ಕರಪತ್ರದಲ್ಲೂ ಇದಕ್ಕೆ ಪನ್ನಗಾರಿಯ ಗುಂಡಿ ಎಂದೇ ಬರೆದಿದ್ದರು. ಪನ್ನಗಾರಿ ಎಂದರೆ ಹಾವು ಹಿಡಿಯುವ ದೊಡ್ಡ ಹದ್ದು. ಅಲ್ಲಿ ನಿಂತು ಕಾದರೆ ಬಂಡೆಯ ಕಡೆಯಿಂದ ಅದರ ಉದ್ದನೆಯ ಚೀರು ಕೇಳುತ್ತದೆ. ಅಂದೂ ಕೇಳಿತು. ಅಕ್ಕ ಕೈ ಎತ್ತಿ, ಮೇಲೆ, ಬಂಡೆಯ ಆಚೆ ನೋಡಿ ಎಂದರು. ಹತ್ತು ತಲೆ ಮೇಲೆ ಹೋಯಿತು. ನಾಲ್ಕೈದು ಜನ ಕಂಡೆ ಕಂಡೆ ಎಂದರು.

ಅಷ್ಟರಲ್ಲಿ ಹೊಳೆಯ ಈಚೆ, ನಮ್ಮಿಂದ ಹತ್ತು ಮಾರು ದೂರದ ಬಳ್ಳಿಯ ಮೇಲೆ ಒಂದು ಹಕ್ಕಿ ಬಂದು ಕೂತಿತು. ಕುಂಕುಮದ ಹೊಟ್ಟೆ, ಕಪ್ಪು ತಲೆ. ಎಲ್ಲರೂ ಉಸಿರು ಬಿಗಿ ಹಿಡಿದರು. ಅಕ್ಕನೂ ಅದರ ಕಡೆಗೇ ತಿರುಗಿದ್ದರು, ಆದರೆ ಕೆಳಗಿನ ಬಳ್ಳಿಯನ್ನು ನೋಡುತ್ತಿದ್ದರು. ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಗದ್ದ ಸ್ವಲ್ಪ ಮುಂದೆ. ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತವನಿಗೆ ಆ ಮುಖ ಗೊತ್ತಾಗದೆ ಇರುತ್ತದಾ? ಹಕ್ಕಿ ಒಮ್ಮೆ ಕೂಗಿದ ಮೇಲೆಯೇ ಅಕ್ಕ, ಕಾಕರಣೆ ಎಂದರು. ನೋಡಿ ಹೇಳಿದ್ದಲ್ಲ ಅದು.

ವಾಪಸು ಬರುವಾಗ ಬೇಕೆಂದೇ ಅಕ್ಕನ ಜೊತೆ ಹಿಂದೆ ಉಳಿದೆ. ಗೇಟಿನ ಆಚೆ ನಮ್ಮ ಬಸ್ಸು ನಿಂತಿತ್ತು. ಅದರ ನಂಬರ್ ಓದಿ ನೋಡುವಾ ಎಂದೆ. ಬಸ್ಸು ಉಂಟು ಅಂತ ಗೊತ್ತಾಗುತ್ತದೆ, ಅಷ್ಟು ಸಾಕು ಎಂದರು. ಎಷ್ಟು ವರ್ಷದಿಂದ ಹೀಗೆ ಎಂದರೆ, ಮೊದಲಿಂದಲೂ ಹೀಗೆಯೇ, ಎಲ್ಲರಿಗೂ ಹೀಗೆಯೇ ಕಾಣುವುದು ಎಂದುಕೊಂಡಿದ್ದೆ ಎಂದರು. ಗೈಡ್ ಆದ ಮೇಲೆ, ಬೇರೆಯವರು ಆಹಾ ಎನ್ನುವುದು ಕೇಳಿ, ತನಗೆ ಕಾಣದ್ದು ಅವರಿಗೆ ಕಾಣುತ್ತದೆ ಎಂದು ಗೊತ್ತಾಯಿತಂತೆ. ಒಂಬತ್ತು ವರ್ಷ ಒಬ್ಬರಿಗೂ ಹೇಳಿರಲಿಲ್ಲ, ಗಂಡನಿಗೆ ಸಹ.

‘ದಮ್ಮಯ್ಯ, ಸಮಿತಿಯವರಿಗೆ ಹೇಳಬೇಡಿ’ ಎಂದರು. ‘ಕಣ್ಣು ಕಾಣದ ಗೈಡಿನ ಹಿಂದೆ ಯಾರು ಬರ್ತಾರೆ? ಕಾಡಿನಲ್ಲಿ ನಾನು ನಡೆದರೆ ಹತ್ತು ಜನ ಹಿಂದೆ ಬರ್ತಾರೆ. ಮನೆಯಲ್ಲಿ ಬೆಕ್ಕು ಸಹ ಬರುವುದಿಲ್ಲ.’

ಕನ್ನಡಕ ಹಾಕಿದರೆ ಮುಗಿಯಿತಲ್ಲ ಎಂದೆ. ಕನ್ನಡಕ ಹಾಕಿದ ಗೈಡನ್ನು ಯಾರಾದರೂ ನಂಬುತ್ತಾರಾ ಎಂದು ತಿರುಗಿ ಕೇಳಿದರು. ಅದೂ ನನ್ನ ಹತ್ತಿರ! ಮುಂದಿನ ತಿಂಗಳು ಗೈಡುಗಳ ಕಾರ್ಡ್ ನವೀಕರಣ ಇತ್ತು. ಈ ಸಲ ಹೊಸ ಪದ್ಧತಿ, ಹೊರಗಿನಿಂದ ತಜ್ಞರು ಬಂದು ಹಕ್ಕಿಯ ಚಿತ್ರ ತೋರಿಸಿ ಕೇಳುತ್ತಾರೆ. ದೊಡ್ಡ ಕ್ಯಾಮೆರಾ ಇಟ್ಟುಕೊಂಡ ಇಬ್ಬರು ಯುವಕರು ಗೈಡ್ ಆಗಲು ಸಾಲಿನಲ್ಲಿ ಇದ್ದರು. ಅಕ್ಕನಿಗೆ ಸ್ವರ ಗೊತ್ತು, ಚಿತ್ರ ಗೊತ್ತಿಲ್ಲ. ಕಾರ್ಡ್ ಹೋದರೆ ಮತ್ತೆ ಜಗಲಿ, ಮತ್ತೆ ಬೀಡಿ. ಇದಿಷ್ಟನ್ನೂ ಅವರು ಬಸ್ಸು ಹಾರ್ನ್ ಹೊಡೆಯುವುದರೊಳಗೆ ಹೇಳಿ ಮುಗಿಸಿದರು. ಹೆಂಡತಿ ಕಿಟಕಿಯಿಂದ, ರಾತ್ರಿ ಇಲ್ಲೇ ಇರುತ್ತೀರಾ ಎಂದು ಕೂಗಿದಳು.

ಬಸ್ಸು ಹತ್ತುವಾಗ ಅಂಗಡಿಗೆ ಬನ್ನಿ ಎಂದದ್ದಕ್ಕೆ ಬರುವುದಿಲ್ಲ ಎಂದವರು ಮುಂದಿನ ವಾರವೇ ಬಂದರು. ಉಡುಪಿಯಲ್ಲಿ ಸಂಬಂಧಿಕರ ಮದುವೆ ಇತ್ತಂತೆ, ಹಾಗೇ ಬಂದೆ ಎಂದರು. ಮದುವೆಯ ಸೀರೆ ಉಟ್ಟಿರಲಿಲ್ಲ. ಪರೀಕ್ಷೆ ಮಾಡಿದೆ. ಎರಡು ಕಣ್ಣಿಗೂ ಮೈನಸ್ ಮೂರರ ಮೇಲೆ. ಈ ನಂಬರಿನಲ್ಲಿ ಒಂಬತ್ತು ವರ್ಷ ಕಮರಿಯ ಬಂಡೆ ಹತ್ತಿಸಿ ಇಳಿಸಿದ್ದಾರಲ್ಲ, ಒಬ್ಬರ ಕಾಲೂ ಉಳುಕಿಲ್ಲವಲ್ಲ ಎಂದು ನೆನೆದು ನನ್ನ ಬೆನ್ನಿನಲ್ಲಿ ಬೆವರು ಬಂತು. ಕನ್ನಡಕ ಹಾಕಿ ಬಾಗಿಲಿಗೆ ಕರೆದುಕೊಂಡು ಹೋದೆ. ರಸ್ತೆಯ ಆಚೆ ಕರೆಂಟಿನ ತಂತಿಯ ಮೇಲೆ ಕಾಗೆ ಕೂತಿತ್ತು. ಅಕ್ಕ ತುಂಬಾ ಹೊತ್ತು ನೋಡಿದರು. ಅಲ್ಲಿ ತಂತಿ ಉಂಟಾ, ನಾನು ಕಾಗೆ ಸುಮ್ಮನೆ ಹಾರುತ್ತಾ ನಿಂತದ್ದು ಅಂತ ತಿಳಿದಿದ್ದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅಯ್ಯೋ, ನೀವು ಇಷ್ಟು ಮುದುಕರಾ ಎಂದರು. ಅಂಗಡಿಯ ಹುಡುಗಿಯರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿ ಉಂಟು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಹಕ್ಕಿಯ ಚಿತ್ರ ಇರುವ ಒಂದು ಪುಸ್ತಕವನ್ನೂ ಕೊಟ್ಟು ಕಳಿಸಿದ್ದೆ. ಎರಡು ವಾರದ ನಂತರ, ಕಾರ್ಡಿನ ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಅಕ್ಕ ಮತ್ತೆ ಅಂಗಡಿಗೆ ಬಂದರು. ಕನ್ನಡಕ ತೆಗೆದು ಕೌಂಟರಿನ ಮೇಲೆ ಇಟ್ಟು, ಇದು ನನಗೆ ಬೇಡ ಎಂದರು. ಮುಖ ಬಾಡಿತ್ತು. ನಂಬರ್ ತಪ್ಪಿತಾ ಎಂದು ಗಾಬರಿಯಾದೆ. ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದರು.

ಹಿಂದಿನ ವಾರ ಮೂರನೆಯ ಗುಂಡಿಯ ಹತ್ತಿರ ಒಬ್ಬರೇ ಹೋಗಿ ಕೂತಿದ್ದರು. ಇಷ್ಟು ವರ್ಷ ಕೇಳಿದ ಪನ್ನಗಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಆಸೆ. ಚೀರು ಕೇಳಿತು. ಈ ಸಲ ಬಂಡೆಯ ಆಚೆ ನೋಡಲಿಲ್ಲ, ಸ್ವರ ಎಲ್ಲಿಂದ ಹೊರಟಿತೋ ಅಲ್ಲಿಗೇ ನೋಡಿದರು. ಹತ್ತಿರದ ಕೊಂಬೆಯಲ್ಲಿ ಹದ್ದು ಇರಲಿಲ್ಲ. ಭೀಮರಾಜ ಇತ್ತು. ಬಾಲದಿಂದ ಎರಡು ಉದ್ದ ತಂತಿ ಇಳಿಬಿಟ್ಟ ಕಪ್ಪು ಹಕ್ಕಿ. ಕಂಡವರ ಸ್ವರವನ್ನೆಲ್ಲ ಅನುಕರಿಸುವ ಜಾತಿ ಅದು. ಅಕ್ಕನ ಕಣ್ಣೆದುರೇ ಕೊಕ್ಕು ತೆರೆದು ಹದ್ದಿನ ಹಾಗೆ ಚೀರಿತು. ಮತ್ತೊಮ್ಮೆ ಚೀರಿತು. ಆಮೇಲೆ ಕುಟುರದ ಹಾಗೆ ಕೂಗಿ ಹಾರಿಹೋಯಿತು. ಮತ್ತೆ ಮೂರು ದಿನ ಹೋಗಿ ಕೂತರೂ ಅದೇ ಭೀಮರಾಜ, ಅದೇ ಕೊಂಬೆ. ಅತ್ತೆಯ ಜಗಲಿಯಿಂದ ಇಲ್ಲಿಯವರೆಗೆ ಎಂದೂ ಮೋಸ ಹೋಗದ ಕಿವಿ ಒಂದು ಹಕ್ಕಿಯ ಮಿಮಿಕ್ರಿಗೆ ಮೋಸ ಹೋಗಿತ್ತು.

‘ಒಂಬತ್ತು ವರ್ಷ ಎಷ್ಟು ಜನರನ್ನು ಅಲ್ಲಿ ನಿಲ್ಲಿಸಿ ಆಕಾಶ ತೋರಿಸಿದೆ’ ಎಂದರು. ಕಣ್ಣು ಒರೆಸಿಕೊಂಡರು.

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ ಎಂದೆ. ಯಾರಿಗೂ ಗೊತ್ತಿಲ್ಲ, ಯಾರಿಗೂ ನಷ್ಟವಿಲ್ಲ. ಜನ ಪನ್ನಗಾರಿ ಕಂಡೆವು ಎಂದು ಖುಷಿಯಿಂದ ಮನೆಗೆ ಹೋಗುತ್ತಿದ್ದಾರೆ. ಕಾರ್ಡ್ ಕೈಗೆ ಬರಲಿ, ಆಮೇಲೆ ನಿಧಾನಕ್ಕೆ ನೋಡುವಾ. ಅಂಗಡಿಯವನ ಬುದ್ಧಿ ಅಷ್ಟೇ ಓಡಿದ್ದು. ಖುಷಿಯಿಂದ ಮನೆಗೆ ಹೋದವರಲ್ಲಿ ನಾನೂ ಒಬ್ಬ ಎಂಬುದನ್ನು ಹೇಳಲಿಲ್ಲ. ಅಂದು ಕಂಡೆ ಕಂಡೆ ಎಂದವರ ಪೈಕಿ ಎಲ್ಲರಿಗಿಂತ ದೊಡ್ಡ ಸ್ವರ ನನ್ನದೇ. ದುರ್ಬೀನಿನಲ್ಲಿ ರೆಕ್ಕೆಯ ಬಿಳಿ ಪಟ್ಟಿ ಸಹ ಕಂಡಿತು ಎಂದು ಹೆಂಡತಿಗೆ ವರ್ಣಿಸಿದ್ದೆ. ಅವಳು ಅದನ್ನು ಅವಳ ಅಣ್ಣನಿಗೂ ಹೇಳಿದ್ದಳು. ಅಂದು ನನಗೆ ಕಂಡದ್ದು ಆಕಾಶ ಮತ್ತು ಒಂದು ತೆಂಗಿನ ಗರಿಯಷ್ಟು ಮೋಡ.

ಅಕ್ಕ ನೀರು ಕುಡಿದು ಮುಗಿಸಿ ಎದ್ದರು. ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋದರು.

ಪರೀಕ್ಷೆಯ ದಿನ ಕಾರ್ಕಳದಲ್ಲಿ ಕೆಲಸ ಉಂಟು ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದೆ. ಶೆಡ್ಡಿನ ಹೊರಗೆ, ಕಿಟಕಿಯ ಹತ್ತಿರ ಬೆಂಚಿನಲ್ಲಿ ಕೂತೆ. ಬಂದಿದ್ದ ತಜ್ಞೆ ಹಕ್ಕಿಗಳ ವಿಷಯ ಪಾಠ ಮಾಡುವವರು, ದನಿ ಎತ್ತದೆ ಮಾತಾಡುವವರು. ಸಮಿತಿಯ ನಾಲ್ಕು ಜನ ಸುತ್ತ ಕೂತಿದ್ದರು, ಆ ಇಬ್ಬರು ಯುವಕರೂ ಇದ್ದರು. ಒಂದೊಂದೇ ಚಿತ್ರ ಬಂತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಮಂಗಟ್ಟೆ, ಸಿಳ್ಳಾರ, ಕಾಕರಣೆ ಎಂದು ಹೇಳುತ್ತಾ ಹೋದರು. ಎರಡು ಕಡೆ ತಡವರಿಸಿದರು, ಒಂದು ಕಡೆ ಗೊತ್ತಿಲ್ಲ ಎಂದರು. ಆಮೇಲೆ ಪನ್ನಗಾರಿಯ ಚಿತ್ರ ಬಂತು. ಹೆಸರು ಹೇಳಿದರು. ಕಮರಿಯಲ್ಲಿ ಇದನ್ನು ಎಲ್ಲಿ ತೋರಿಸುತ್ತೀರಿ ಎಂದು ತಜ್ಞೆ ಕೇಳಿದರು. ಉತ್ತರ ಬೋರ್ಡಿನಲ್ಲೇ ಇದ್ದ ಪ್ರಶ್ನೆ, ಎಲ್ಲಕ್ಕಿಂತ ಸುಲಭದ್ದು. ಹೇಳಿಬಿಡಿ ಅಕ್ಕ ಎಂದು ನಾನು ಹೊರಗೆ ಮನಸ್ಸಿನಲ್ಲೇ ಬೇಡಿಕೊಂಡೆ.

ತೋರಿಸುವುದಿಲ್ಲ, ಅಲ್ಲಿ ಅದು ಇಲ್ಲ ಎಂದರು ಅಕ್ಕ. ಆಮೇಲೆ ಎಲ್ಲವನ್ನೂ ಹೇಳಿದರು. ಕಣ್ಣಿನ ವಿಷಯ, ಕನ್ನಡಕದ ವಿಷಯ, ಭೀಮರಾಜನ ವಿಷಯ. ನನ್ನ ಹೆಸರು ಮಾತ್ರ ಎತ್ತಲಿಲ್ಲ. ಸಮಿತಿಯ ಅಧ್ಯಕ್ಷರು ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿದರು, ಬೋರ್ಡ್ ಬರೆಸಿದವರು ಅವರೇ. ಯುವಕರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ತಜ್ಞೆ ಅವನ ಕಡೆ ನೋಡಿದ ಮೇಲೆ ನಿಲ್ಲಿಸಿದ.

ಯಾರಿಗೂ ತಿಳಿಯುತ್ತಿರಲಿಲ್ಲ, ಇವತ್ತು ಯಾಕೆ ಹೇಳಿದಿರಿ ಎಂದು ತಜ್ಞೆ ಕೇಳಿದರು. ಅಕ್ಕನ ಉತ್ತರ ಕಿಟಕಿಯ ಹೊರಗೆ ಕೂತ ನನಗೆ ಸ್ಪಷ್ಟವಾಗಿ ಕೇಳಿತು.

‘ಕಾಣದೆ ಹೇಳಿದ್ದು ತಪ್ಪು. ಕಂಡ ಮೇಲೂ ಹೇಳಿದರೆ ಸುಳ್ಳಾಗ್ತದೆ.’

ಒಳಗೆ ಎದ್ದು ಹೋಗಿ, ನಾನೂ ಸುಳ್ಳು ಹೇಳಿದವನೇ ಎನ್ನಬೇಕು ಅನಿಸಿತು. ಎದ್ದೆ ಕೂಡ. ಮತ್ತೆ ಕೂತೆ. ತಜ್ಞೆ ಬಹಳ ಹೊತ್ತು ಬರೆದರು. ಆಮೇಲೆ ಅಧ್ಯಕ್ಷರ ಕಡೆ ಕಾಗದ ತಳ್ಳಿ, ಇವರಿಗೆ ಕಾರ್ಡ್ ಕೊಡಿ, ಬೋರ್ಡ್ ಬದಲಿಸಿ, ಈ ಯುವಕರು ಒಂದು ವರ್ಷ ಇವರ ಹಿಂದೆ ನಡೆದು ಕಲಿಯಲಿ ಎಂದರು. ಹದ್ದಿನ ಕೂಗನ್ನು ಅಷ್ಟು ಚೆನ್ನಾಗಿ ಕಲಿತ ಭೀಮರಾಜನನ್ನು ತಾನೂ ನೋಡಬೇಕು, ಊಟಕ್ಕೆ ಮುಂಚೆ ಹೋಗಿಬರಬಹುದಾ ಎಂದೂ ಕೇಳಿದರು. ಅಕ್ಕ ಆಗಲೇ ಉಪ್ಪಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಆಮೇಲಿನ ನಾಲ್ಕು ವರ್ಷ ಅಕ್ಕ ಮೂರನೆಯ ಗುಂಡಿಯ ಹತ್ತಿರ ಪ್ರತಿ ಗುಂಪಿಗೂ ತಾನು ಮೋಸ ಹೋದ ಕಥೆ ಹೇಳಿದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆಮೇಲೆ ಕೊಂಬೆ ನೋಡುತ್ತಿದ್ದರು. ಆ ಯುವಕರಿಬ್ಬರೂ ಈಗ ಒಳ್ಳೆಯ ಗೈಡುಗಳು, ಕ್ಯಾಮೆರಾ ಚೀಲದೊಳಗೆ ಇಟ್ಟು ಮೊದಲು ಕಣ್ಣು ಮುಚ್ಚುತ್ತಾರೆ. ಅಕ್ಕ ಜಗಲಿಯಲ್ಲಿ ಕೂತು ಅವರ ಗುಂಪು ಹೋಗುವುದನ್ನು ನೋಡುತ್ತಾರೆ. ಕಾಣುತ್ತದೆ, ಸುಖವಾಗಿದ್ದೇನೆ ಎನ್ನುತ್ತಾರೆ.

ಆದರೆ ನಾನು ಬೀಳ್ಕೊಡುಗೆಯ ಸಭೆಯಲ್ಲಿ ಹೇಳಬೇಕೆಂದಿದ್ದದ್ದು ಬೇರೆ. ಕಾರ್ಡ್ ಸಿಕ್ಕಿದ ವಾರವೇ ಅಕ್ಕ ಸಮಿತಿಯ ಹಳೆಯ ಸಂದರ್ಶಕರ ಪುಸ್ತಕಗಳನ್ನು ಮನೆಗೆ ತಂದು, ಅದರಲ್ಲಿದ್ದ ಫೋನ್ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಲು ಕೂತರು. ನೀವು ಅಂದು ಕೇಳಿದ್ದು ಪನ್ನಗಾರಿ ಅಲ್ಲ, ಭೀಮರಾಜ, ತಪ್ಪು ನನ್ನದು ಎಂದು ಹೇಳಲಿಕ್ಕೆ. ತಿಂಗಳುಗಟ್ಟಲೆ ಮಾಡಿದರು. ಕೆಲವರಿಗೆ ಕಮರಿಯ ನೆನಪೇ ಇರಲಿಲ್ಲ. ಪಡುಬಿದ್ರಿಯ ಒಬ್ಬರು, ನಾನು ಕಣ್ಣಾರೆ ಕಂಡಿದ್ದೇನೆ, ಬೇಕಾದರೆ ಬಂದು ಹೇಳುತ್ತೇನೆ ಎಂದು ಜಗಳವನ್ನೇ ಮಾಡಿದರಂತೆ.

ಒಂದು ಭಾನುವಾರ ಬೆಳಿಗ್ಗೆ ನನ್ನ ಫೋನ್ ಬಡಿಯಿತು. ಅಕ್ಕ. ಗುರುತಿಲ್ಲದವರಿಗೆ ಹೇಳುವ ಹಾಗೆ, ಬಾಯಿಪಾಠ ಮಾಡಿದ ಹಾಗೆ ಪೂರ್ತಿ ಹೇಳಿದರು. ನನಗೆ ಎಲ್ಲ ಗೊತ್ತುಂಟಲ್ಲ ಅಕ್ಕ ಎಂದೆ. ಪುಸ್ತಕದಲ್ಲಿ ನಿಮ್ಮ ಹೆಸರೂ ಉಂಟು, ಬಿಟ್ಟರೆ ಹೇಗೆ ಎಂದರು. ಅಕ್ಕ, ನಾನು ಅಂದು ರೆಕ್ಕೆ ಕಂಡಿರಲಿಲ್ಲ, ಸುಮ್ಮನೆ ಹೇಳಿದೆ ಎಂದೆ.

‘ಗೊತ್ತುಂಟು ಮಾರಾಯ್ರೆ. ಹಕ್ಕಿ ಕಂಡವರ ಉಸಿರು ನಿಲ್ತದೆ. ನೀವು ಮಾತಾಡ್ತಾ ಇದ್ರಿ.’

ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ನನಗೂ ಕಾಣ್ತಾ ಇರಲಿಲ್ಲವಲ್ಲ’ ಎಂದರು. ಆಮೇಲೆ ಅಕ್ಕ, ಪುಸ್ತಕದಲ್ಲಿ ನಿಮ್ಮ ಕೆಳಗೆ ಹೆಂಡತಿಯ ಹೆಸರು ಉಂಟು, ಅವರಿಗೂ ಹೇಳಬೇಕು, ಫೋನ್ ಕೊಡಿ ಎಂದರು.

ಕೊಟ್ಟೆ.